ಶ್ರವಣ್ ಆನ್‌ಲೈನ್ ಇದ್ದಾನೆ

"ಫೋನ್ ಕೊಡು!"

ನನ್ನ ಅರ್ಧ ದೇಹ ಸೇತುವೆಯ ಆಚೆಗಿತ್ತು. ಕೆಳಗೆ ಫಲ್ಗುಣಿ. ಮೇ ತಿಂಗಳು. ನೀರಿಗಿಂತ ಬಂಡೆಗಳೇ ಹೆಚ್ಚು. ಬಿದ್ದರೆ ಈಜು ಬಂದರೂ ಪ್ರಯೋಜನವಿಲ್ಲ!

"ಯಾರ ಫೋನ್?" ಎಂದೆ.

ದಪ್ಪದವನು ನನ್ನ ಕಾಲರ್ ಹಿಡಿದು ಇನ್ನೊಂದು ಗೇಣು ಹೊರಗೆ ಬಗ್ಗಿಸಿದ. ಸಪೂರದವನು ನನ್ನ ಎರಡೂ ಕಾಲುಗಳನ್ನು ಎತ್ತಿ ಹಿಡಿದಿದ್ದ. ಅವರ ಜೀಪು ಸೇತುವೆಗೆ ಅಡ್ಡ ನಿಂತಿತ್ತು. ನನ್ನ ಬೈಕು ಅದರ ಮುಂದೆ ಮಗುಚಿ ಬಿದ್ದಿತ್ತು.

"ನಾಟಕ ಬೇಡ ಹುಕ್ರಪ್ಪ! ಅನ್ಸಾಫ್ ಕೊಟ್ಟ ಫೋನ್!"

"ಅದು ನಿಂದೂ ಅಲ್ಲ, ನಂದೂ ಅಲ್ಲ ಮಾರಾಯ. ಅದರ ಯಜಮಾನ ಸತ್ತು ಎಪ್ಪತ್ತೆರಡು ದಿನ ಆಯ್ತು. ಬೇಕಾದ್ರೆ ಅವನನ್ನೇ ಕೇಳು!"

ಬಾಯಿ ಜೋರಾಗಿತ್ತು. ಕೈ ಮಾತ್ರ ಸೇತುವೆಯ ತಡೆಗೋಡೆಯನ್ನು ಬಿಡಲಿಲ್ಲ. ಗಂಟೆ ಮೂರೂವರೆ. ಇನ್ನು ಅರ್ಧ ಗಂಟೆಯಲ್ಲಿ, ಇಲ್ಲಿಂದ ಮೂರು ಕಿಲೋಮೀಟರ್ ದೂರದ ಒಂದು ಮನೆಯಲ್ಲಿ, ಕುಸುಮ ಎಂಬ ಹುಡುಗಿ ಒಂದು ಕಾಗದಕ್ಕೆ ಸಹಿ ಹಾಕುವವಳಿದ್ದಳು. ಸಹಿ ಹಾಕು ಎಂದು ಅವಳಿಗೆ ಮೆಸೇಜ್ ಮಾಡಿದ್ದು ಅವಳ ಗಂಡ.

ಸತ್ತ ಗಂಡ!

ಇರಿ... ಇಲ್ಲಿಂದ ಶುರುಮಾಡಿದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ. ನಾಲ್ಕು ದಿನ ಹಿಂದಕ್ಕೆ ಹೋಗೋಣ.

ನಾನು ಹನ್ನೊಂದು ವರ್ಷ ಕ್ರೂಸ್ ಹಡಗಿನಲ್ಲಿ ಸೆಕ್ಯೂರಿಟಿ ಆಗಿದ್ದವನು. ಈಗ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಏಜೆಂಟರು ಇಟ್ಟುಕೊಂಡ ಪಾಸ್‌ಪೋರ್ಟ್ ಬಿಡಿಸಿಕೊಡುವುದು, ಗಲ್ಫಿನಲ್ಲಿ ಕಾಣೆಯಾದವರನ್ನು ಹುಡುಕುವುದು. ಕಾರ್ಡ್ ಇಲ್ಲ, ಬೋರ್ಡ್ ಇಲ್ಲ. ಬೇಕಾದವರು ಕೇಳಿಕೊಂಡು ಬರುತ್ತಾರೆ.

ಕುಸುಮ ಹಾಗೆಯೇ ಬಂದಳು. ವೇಣೂರಿನವಳು. ಇಪ್ಪತ್ತಾರರ ಹುಡುಗಿ. ಹೆಗಲಲ್ಲಿ ಎರಡೂಕಾಲು ತಿಂಗಳ ಮಗು. ಕೂರು ಎಂದರೂ ಕೂರಲಿಲ್ಲ.

"ಅಣ್ಣ, ನನ್ನ ಗಂಡ ಶ್ರವಣ್ ಹಡಗಿನಲ್ಲಿ ವೇಟರ್. ದಿನಾ ಮೆಸೇಜ್ ಬರ್ತದೆ."

"ಒಳ್ಳೆಯದಾಯ್ತಲ್ಲ?"

"ಮೆಸೇಜ್ ಬರ್ತದೆ... ಆದ್ರೆ ಅದರಲ್ಲಿ ಅವರು ಇಲ್ಲ."

ನನ್ನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

"ಪೊಲೀಸರಿಗೆ ಹೇಳಿದ್ಯಾ?"

"ಹೇಳಿದೆ. ಗಂಡ ದಿನಾ ಮಾತಾಡ್ತಾ ಇದ್ದಾನೆ, ಮತ್ತೆ ಎಂತ ಕಂಪ್ಲೇಂಟ್ ಅಂತ ಕೇಳಿದ್ರು."

"ಕಾಲ್ ಮಾಡ್ತಾನಾ?"

"ಇಲ್ಲ. ಮೆಸೇಜಿನ ಪ್ಯಾಕೇಜ್ ಮಾತ್ರ ಉಂಟಂತೆ. ಗುರುವಾಯನಕೆರೆಯ ಏಜೆಂಟ್ ರಂಜಿತಣ್ಣ ಹಾಕಿಸ್ತಾರೆ. ತಿಂಗಳಿಗೆ ಆರು ಸಾವಿರ. ಮೊದಲು ನನ್ನ ಗಂಡನೇ ಹಡಗಿನಲ್ಲಿ ಹಾಕಿಸಿಕೊಳ್ತಾ ಇದ್ರು."

ನಾನು ಚಹಾ ಕೆಳಗಿಟ್ಟೆ.

ನಿಮಗೆ ಹಡಗಿನ ಇಂಟರ್ನೆಟ್ ವಿಷಯ ಗೊತ್ತೇ? ನಡುಸಮುದ್ರದಲ್ಲಿ ಸಿಮ್ ಸತ್ತ ಹಾಗೆ. ಎಲ್ಲ ಸ್ಯಾಟಲೈಟ್. ದುಡ್ಡು ಕೊಟ್ಟವನಿಗೆ ಲಾಗಿನ್. ಒಂದು ಲಾಗಿನ್‌ಗೆ ಒಂದೇ ಫೋನ್. ಪ್ರವಾಸಿಗಳು ಕ್ಯಾಬಿನ್ ಬಿಲ್ಲಿಗೆ ಸೇರಿಸಿ ಮರೆತುಬಿಡುತ್ತಾರೆ. ಕೆಲಸದವರು ಮರೆಯುವ ಹಾಗಿಲ್ಲ, ಸಂಬಳದಿಂದ ಕತ್ತರಿಸುತ್ತಾರೆ. ಅದಕ್ಕೇ ನಮ್ಮವರು ಇಬ್ಬರು ಸೇರಿ ಒಂದು ಪ್ಯಾಕೇಜ್ ತೆಗೆದುಕೊಳ್ಳುತ್ತಾರೆ. ಹದಿನೈದು ನಿಮಿಷ ನಿನಗೆ, ಹದಿನೈದು ನನಗೆ. ನನ್ನ ಸರದಿ ಮುಗಿದರೆ ನಾನು ಲಾಗೌಟ್ ಆಗಬೇಕು, ಆಮೇಲೆ ನೀನು ಒಳಗೆ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಮೊದಲೇ ಟೈಪ್ ಮಾಡಿಟ್ಟುಕೊಳ್ಳುವುದು. ಒಳಗೆ ಹೋದ ಕೂಡಲೇ ಎಲ್ಲ ಒಟ್ಟಿಗೆ ಕಳುಹಿಸುವುದು. ಹೊರಗೆ ಬರುವುದು.

"ಫೋನ್ ಕೊಡು ಇಲ್ಲಿ," ಎಂದೆ.

ಹಳೆಯ ಮೆಸೇಜ್‌ಗಳನ್ನು ನೋಡಿದೆ. ಫೆಬ್ರವರಿ. ಒಂದೇ ನಿಮಿಷದಲ್ಲಿ ಒಂಬತ್ತು ಮೆಸೇಜ್. ಊಟ, ಜ್ವರ, ನಿನ್ನ ಕಾಲುನೋವು, ಮಗುವಿನ ಹೆಸರು... ಎಲ್ಲ ಒಟ್ಟಿಗೆ. ಅದು ಹಡಗು!

ಮಾರ್ಚ್ ಒಂಬತ್ತು, ಸಂಜೆ ನಾಲ್ಕು. ಕುಸುಮ ಹೆರಿಗೆ ಆಸ್ಪತ್ರೆಯಿಂದ ಕಳುಹಿಸಿದ ಫೋಟೋ. ಕೆಳಗೆ "ಹೆಣ್ಣು".

ಆಮೇಲೆ ಹನ್ನೆರಡು ದಿನ ಉತ್ತರವಿಲ್ಲ. ಪ್ಯಾಕೇಜ್ ಮುಗಿದಿದೆ, ದುಡ್ಡು ಹಾಕಬೇಕು ಎಂದು ರಂಜಿತ್ ಹೇಳಿದ್ದನಂತೆ. ಇವಳು ಹಾಕಿದಳು. ಮಾರ್ಚ್ ಇಪ್ಪತ್ತೊಂದಕ್ಕೆ ನೀಲಿ ಟಿಕ್ ಬಂತು. "ತುಂಬಾ ಖುಷಿ ಆಯ್ತು" ಎಂಬ ಮೆಸೇಜೂ ಬಂತು.

ಅಲ್ಲಿಂದ ಮುಂದೆ ಒಂದೊಂದೇ ಮೆಸೇಜ್. ಎರಡು ನಿಮಿಷಕ್ಕೊಂದು. ಆರಾಮವಾಗಿ.

ನಾನು ನೋಡುತ್ತಿದ್ದ ಹಾಗೆಯೇ ಅವನ ಹೆಸರಿನ ಕೆಳಗೆ ಅಕ್ಷರ ಮೂಡಿತು... ಆನ್‌ಲೈನ್. ಆಮೇಲೆ ಟೈಪಿಂಗ್. ನಿಂತಿತು. ಮತ್ತೆ ಟೈಪಿಂಗ್. ಮತ್ತೆ ನಿಂತಿತು.

ಸರದಿಯ ಇಂಟರ್ನೆಟ್‌ನಲ್ಲಿ ಯಾರೂ ಹೀಗೆ ಯೋಚಿಸಿ ಯೋಚಿಸಿ ಟೈಪ್ ಮಾಡುವುದಿಲ್ಲ! ಇದು ಗಟ್ಟಿ ನೆಲದ ಮೇಲೆ ಕೂತವನ ಕೈ.

"ಮಗು ನಿದ್ರೆ ಮಾಡಿತಾ?" ಎಂದು ಬಂತು.

ಕುಸುಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಣ್ಣ, ಅವರು ಇದ್ದಾರಾ ಇಲ್ವಾ? ಅಷ್ಟು ಹೇಳಿ. ಬೇರೆ ಎಂತದೂ ಬೇಡ."

ಆ ಕೆಲಸ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಯಾಕೆಂದರೆ ನನ್ನ ಹಿಂದೆಯೂ ಒಬ್ಬ ಇದ್ದಾನೆ. ಹತ್ತು ವರ್ಷದ ಹಿಂದೆ ನಮ್ಮ ಹಡಗಿನಿಂದ ಒಬ್ಬ ಅಡುಗೆಯವ ಕಾಣೆಯಾದ. ಅವನ ಸಾಮಾನು ಕಟ್ಟಿದವನು ನಾನು. ಅಂಗಿಯ ಜೇಬಿನಲ್ಲಿ ಇಂಟರ್ನೆಟ್ ಕಾರ್ಡ್ ಇತ್ತು, ಆಗ ನಿಮಿಷದ ಲೆಕ್ಕ. ನಲವತ್ತೆರಡು ನಿಮಿಷ ಬಾಕಿ. ಅದನ್ನು ಬ್ಯಾಗಿಗೆ ಹಾಕಲಿಲ್ಲ. ಆ ನಲವತ್ತೆರಡು ನಿಮಿಷ ನಾನೇ ಊರಿನವರ ಜೊತೆ ನಗುತ್ತಾ ಮಾತಾಡಿದೆ. ಅವನ ಹೆಂಡತಿಗೆ ಆಗ ಇನ್ನೂ ಸುದ್ದಿ ಹೋಗಿರಲಿಲ್ಲ. ಅವನ ಮುಖ ನನಗೆ ಮರೆತುಹೋಗಿದೆ. ಆ ಕಾರ್ಡಿನ ನಂಬರ್ ಈಗಲೂ ಬಾಯಿಪಾಠ.

ಮರುದಿನ ಗುರುವಾಯನಕೆರೆಗೆ ಹೋದೆ. ರಂಜಿತನ ಆಫೀಸಿನಲ್ಲಿ ಏಸಿ, ಗೋಡೆಯ ತುಂಬ ಹಡಗಿನ ಫೋಟೋಗಳು. ಮನುಷ್ಯ ಬಹಳ ಮರ್ಯಾದೆಯವನು. ಜ್ಯೂಸ್ ತರಿಸಿದ.

"ಶ್ರವಣನ ಇಂಟರ್ನೆಟ್‌ಗೆ ದುಡ್ಡು ತಗೊಳ್ಳುವುದು ನೀವಾ?"

"ಹೌದು. ಒಂದು ಹೆಲ್ಪ್ ಅಷ್ಟೆ. ಬಾಣಂತಿ ಹುಡುಗಿ, ಪಾಪ."

"ಇಲ್ಲಿಂದ ಹೇಗೆ ಹಾಕುವುದು? ಅದೇನು ಕೇಬಲ್ ಟಿವಿಯಾ?"

ನಕ್ಕ. ಹಲ್ಲು ಮಾತ್ರ ನಕ್ಕಿತು.

"ಹಡಗಿನಲ್ಲಿ ಏನಾದ್ರೂ ಆದ್ರೆ ಕಂಪನಿಯವರು ತಿಳಿಸಬೇಕಾದ ನಂಬರ್ ಅಂತ ಒಂದು ಫಾರಂ ಉಂಟಲ್ಲ?" ಎಂದೆ. "ಶ್ರವಣನ ಫಾರಂನಲ್ಲಿ ಯಾರ ನಂಬರ್ ಉಂಟು? ಕುಸುಮಂದಾ... ನಿಮ್ಮದಾ?"

ಅವನು ಜ್ಯೂಸಿನ ಲೋಟವನ್ನು ನನ್ನ ಕಡೆಗೆ ಸರಿಸಿದ. ನಮ್ಮ ಊರಿನ ಪದ್ಧತಿ ಅದು. ಇಂಗ್ಲಿಷ್ ಫಾರಂ ಎಂದರೆ ಏಜೆಂಟನೇ ತುಂಬಿಸುತ್ತಾನೆ. ಹುಡುಗರು ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಮನೆಯವರ ನಂಬರಿನ ಜಾಗದಲ್ಲಿ ಏಜೆಂಟನ ನಂಬರು, ಏಜೆಂಟನ ಈಮೇಲ್, ಏಜೆಂಟನ ವಿಳಾಸ! ಯಾರೂ ಓದಿ ನೋಡುವುದಿಲ್ಲ.

"ಹುಕ್ರಪ್ಪಣ್ಣ," ಎಂದ ರಂಜಿತ್, ಬಹಳ ಮೆತ್ತಗೆ, "ಮಳೆಗಾಲ ಬರ್ತಾ ಉಂಟು. ಬೈಕಿನಲ್ಲಿ ತಿರುಗುವಾಗ ಜಾಗ್ರತೆ."

"ರೈನ್‌ಕೋಟ್ ಉಂಟು," ಎಂದು ಎದ್ದು ಬಂದೆ.

ಇನ್ನು ಉಳಿದವನು ಅನ್ಸಾಫ್. ಶ್ರವಣನ ಜೊತೆ ಒಂದೇ ಕ್ಯಾಬಿನ್‌ನಲ್ಲಿದ್ದವನು. ಬಂಟ್ವಾಳದ ಪಾಣೆಮಂಗಳೂರಿನ ಹುಡುಗ. ಊರಿಗೆ ಬಂದು ಎರಡು ತಿಂಗಳಾಗಿದೆ, ಫೋನ್ ಎತ್ತುವುದಿಲ್ಲ ಎಂದು ಕುಸುಮ ಹೇಳಿದ್ದಳು. ಎರಡು ಸಲ ಹೋದೆ. ಬಾಗಿಲು ತೆರೆಯಲಿಲ್ಲ. ಮೂರನೇ ಸಲ, ಅಂದರೆ ಸೇತುವೆಯ ದಿನ ಮಧ್ಯಾಹ್ನ, ಅವನ ತಾಯಿ ಬೀಯಮ್ಮ ನನ್ನನ್ನು ಒಳಗೆ ಬಿಟ್ಟರು.

"ನೀವು ಹಡಗಿನವರಾ? ಅವನ ಹತ್ರ ಮಾತಾಡಿ. ಸರಿಯಾಗಿ ಊಟ ಮಾಡುವುದಿಲ್ಲ. ಒಬ್ಬನೇ ಕೂತು ಫೋನ್ ಕುಟ್ಟುವುದು, ಮತ್ತೆ ಅಳುವುದು!"

ಕೋಣೆಯ ಮಂಚದ ಮೇಲೆ ಎರಡು ಫೋನ್. ಒಂದು ಅನ್ಸಾಫನದು. ಇನ್ನೊಂದರ ಗಾಜಿನಲ್ಲಿ ಕುಸುಮಳ ಮದುವೆಯ ಫೋಟೋ.

ನಾನು ಏನೂ ಕೇಳಲಿಲ್ಲ. ಕೇಳದಿದ್ದುದಕ್ಕೇ ಅವನು ಒಡೆದುಹೋದ.

"ನಾನು ಮ್ಯಾಚ್ ನೋಡ್ತಾ ಇದ್ದೆ, ಹುಕ್ರಪ್ಪಣ್ಣ."

"ಯಾವಾಗ?"

"ಆ ದಿನ. ಅಲ್ಲಿ ಬೆಳಿಗ್ಗೆ ಆರೂವರೆ, ಇಲ್ಲಿ ಸಂಜೆ ನಾಲ್ಕು. ಲಾಗಿನ್ ನನ್ನ ಫೋನಿನಲ್ಲಿತ್ತು. ಆರು ಗಂಟೆಗೆ ಬಿಡಬೇಕಿತ್ತು, ಅವನ ಸರದಿ. ಹೆಂಡತಿ ಹೆರಿಗೆಗೆ ಹೋಗಿದ್ದಾಳೆ ಅಂತ ಹೇಳಿದ್ದ. ಮೂರು ಓವರ್ ಇತ್ತು... ಅವ ಬಂದು ಕೇಳ್ತಾನೆ ಅಂತ ನಾನು ಹಾಸುವ ಬಟ್ಟೆ ಇಡುವ ರೂಮಿನಲ್ಲಿ ಬಾಗಿಲು ಹಾಕಿ ಕೂತಿದ್ದೆ."

"ಅವನು?"

"ಹಡಗಿನ ಹಿಂಬದಿಯ ಓಪನ್ ಡೆಕ್‌ಗೆ ಹೋದ. ಅಲ್ಲಿ ಸಿಗ್ನಲ್ ಜಾಸ್ತಿ ಅಂತ ನಾವೆಲ್ಲ ನಂಬಿದ್ದು. ಸಮುದ್ರ ಜೋರಿತ್ತು. ಕ್ಯಾಮೆರಾದಲ್ಲಿ ಉಂಟು... ಫೋನ್ ಮೇಲೆ ಹಿಡೀತಾನೆ, ನೋಡ್ತಾನೆ, ಮತ್ತೆ ಹಿಡೀತಾನೆ. ಒಂದು ಹೊಯ್ದಾಟ. ಫೋನ್ ಮಾತ್ರ ಡೆಕ್ ಮೇಲೆ ಬಿತ್ತು."

ಅವನು ಶ್ರವಣನ ಫೋನನ್ನು ಕೈಗೆ ತೆಗೆದುಕೊಂಡ.

"ಫೋನ್ ಸಿಗುವಾಗ ಸ್ಕ್ರೀನ್ ಆನ್ ಇತ್ತಂತೆ. 'ಈ ಲಾಗಿನ್ ಇನ್ನೊಂದು ಫೋನಿನಲ್ಲಿ ಬಳಕೆಯಲ್ಲಿದೆ.' ಹತ್ತೊಂಬತ್ತು ಸಲ ಟ್ರೈ ಮಾಡಿದ್ದ."

ಬೀಯಮ್ಮ ಬಾಗಿಲಲ್ಲಿ ನಿಂತು ತಲೆಯ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡರು.

ಉಳಿದದ್ದನ್ನು ಅವನೇ ಬಿಡಿಸಿ ಹೇಳಿದ. ಕಂಪನಿಯ ಪತ್ರ ರಂಜಿತನಿಗೆ ಬಂತು. ಸಾಮಾನಿನ ಬ್ಯಾಗೂ ಅವನ ವಿಳಾಸಕ್ಕೇ ಬಂತು. ಅಷ್ಟರಲ್ಲಿ ಊರಿಗೆ ಬಂದಿದ್ದ ಅನ್ಸಾಫನನ್ನು ಕರೆಸಿದ. ಫೋನಿನ ಲಾಕ್ ಇವನಿಗೆ ಗೊತ್ತಿತ್ತು. ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳುವ ಕ್ರಮ ಇಲ್ಲ, ನಲವತ್ತು ದಿನ ಕಳೆಯಲಿ, ಎದೆಹಾಲು ಬತ್ತಿಹೋದರೆ ಮಗುವಿನ ಗತಿ ಏನು, ಅಲ್ಲಿಯವರೆಗೆ ನೀನು ಮೆಸೇಜ್ ಮಾಡು ಎಂದ. ಯಾರು ಇಲ್ಲ ಎನ್ನುತ್ತಾರೆ? ನಮ್ಮ ಕಡೆ ಯಾವ ಮನೆಯಲ್ಲಾದರೂ ಹಾಗೆಯೇ ಮಾಡುತ್ತಾರೆ. ಅನ್ಸಾಫ್ ಅದನ್ನು ಪುಣ್ಯ ಎಂದುಕೊಂಡ. ಪ್ರಾಯಶ್ಚಿತ್ತ ಎಂದುಕೊಂಡ.

ನಲವತ್ತು ದಿನ ಕಳೆಯಿತು. ಇನ್ನು ಹೇಳುವ ಎಂದ ಅನ್ಸಾಫ್.

ರಂಜಿತ್ ಬಿಡಲಿಲ್ಲ! ಕಂಪನಿಯ ಪರಿಹಾರ ಬರುವುದಿತ್ತು. ಅದು ಅವನ ಖಾತೆಗೆ ಬರಬೇಕಾದರೆ ಕುಸುಮಳ ಒಂದು ಸಹಿ ಬೇಕಿತ್ತು. ಬಾಯಿ ಬಿಟ್ಟರೆ ನಿನ್ನಿಂದಲೇ ಅವ ಸತ್ತದ್ದು ಅಂತ ಊರಿಗೆಲ್ಲ ಹೇಳ್ತೇನೆ ಎಂದು ಇವನನ್ನು ಹೆದರಿಸಿದ.

"ಇವತ್ತು ನಾಲ್ಕು ಗಂಟೆಗೆ ಅವಳ ಮನೆಗೆ ಹೋಗ್ತಾನೆ," ಎಂದ ಅನ್ಸಾಫ್. "ಬೆಳಿಗ್ಗೆ ನನ್ನಿಂದಲೇ ಮೆಸೇಜ್ ಹಾಕಿಸಿದ. ರಂಜಿತಣ್ಣ ತರುವ ಪೇಪರಿಗೆ ಸಹಿ ಹಾಕು ಅಂತ."

ನಾನು ಕುಸುಮಳಿಗೆ ಫೋನ್ ಮಾಡಿದೆ.

"ನಾನು ಬರುವವರೆಗೆ ಎಂತದಕ್ಕೂ ಸಹಿ ಹಾಕ್ಬೇಡ."

"ಆದ್ರೆ ಅಣ್ಣ, ಅವರೇ ಹಾಕು ಅಂತ ಹೇಳಿದ್ದಾರಲ್ಲ..."

ಮೆಸೇಜಿನಲ್ಲಿ ಅವರು ಇಲ್ಲ ಎಂದವಳೇ ಅವಳು. ಆದರೆ ಮನಸ್ಸು ಹಾಗೆ. ಇದ್ದಾರೆ ಎನ್ನಲು ಒಂದು ಮೆಸೇಜ್ ಸಾಕು. ಮಗುವನ್ನು ಎತ್ತಿಕೊಂಡು ನಿಂತವಳಿಗೆ ಫೋನಿನಲ್ಲಿ ನಿನ್ನ ಗಂಡ ಸತ್ತಿದ್ದಾನೆ ಎಂದು ಹೇಳಲು ನನ್ನಿಂದ ಆಗಲಿಲ್ಲ.

ಶ್ರವಣನ ಫೋನನ್ನು ಅಂಗಿಯ ಒಳಜೇಬಿಗೆ ಹಾಕಿ, ಗುಂಡಿ ಬಿಗಿದು ಬೈಕ್ ಹತ್ತಿದೆ. ಸಿದ್ದಕಟ್ಟೆ ದಾಟಿದಾಗ ಕನ್ನಡಿಯಲ್ಲಿ ಜೀಪು ಕಂಡಿತು. ಅನ್ಸಾಫನ ಮನೆಗೆ ಕಾವಲು ಇಟ್ಟಿದ್ದರು! ಎಪ್ಪತ್ತು, ಎಂಬತ್ತು... ನನ್ನ ಹಳೆಯ ಬೈಕು ಎಂಬತ್ತಕ್ಕೆ ಅಳಲು ಶುರುಮಾಡುತ್ತದೆ. ತಿರುವಿನಲ್ಲಿ ಒಮ್ಮೆ ತಪ್ಪಿಸಿಕೊಂಡೆ. ಎರಡನೇ ತಿರುವಿನಲ್ಲಿ ಟಯರಿಗೆ ತಾಗಿಸಿದರು. ಸೇತುವೆಯಲ್ಲಿ ಅಡ್ಡ ಹಾಕಿದರು.

ಈಗ ಮತ್ತೆ ಸೇತುವೆಗೆ ಬಂದೆವು.

"ಲಾಸ್ಟ್ ಸಲ ಕೇಳ್ತೇನೆ!" ದಪ್ಪದವನು ಕಿರುಚಿದ.

ಪೋಂ... ಪೋಂ... ಪೋಂ!

ಮೂಡುಬಿದಿರೆಯಿಂದ ಗುರುವಾಯನಕೆರೆಗೆ ಹೋಗುವ ಪ್ರೈವೇಟ್ ಬಸ್ಸು. ಕಂಡಕ್ಟರ್ ಬಾಗಿಲಿನಿಂದಲೇ ಹಾರಿ ಓಡಿಬಂದ.

"ಯಾರದ್ದು ಈ ಜೀಪು? ತೆಗೀರಿ! ನನ್ನ ಹಿಂದೆ ನಾಲ್ಕು ನಿಮಿಷಕ್ಕೆ ಇನ್ನೊಂದು ಬಸ್ ಉಂಟು!"

"ಇಲ್ಲಿ ಕೆಲಸ ನಡೀತಾ ಉಂಟು. ಸುಮ್ಮನೆ ನಿಲ್ಲು!"

"ಕೊಲ್ಲುವುದಾದ್ರೆ ಬದಿಗೆ ಹೋಗಿ ಕೊಲ್ಲಿ ಮಾರಾಯ್ರೆ! ನನ್ನ ಟೈಮಿಂಗ್ ಹೋಗ್ತದೆ!"

ಡ್ರೈವರ್ ಹಾರ್ನ್‌ನಿಂದ ಕೈ ತೆಗೆಯಲಿಲ್ಲ. ಪ್ರಯಾಣಿಕರು ಇಳಿದರು. ಕಾಲೇಜಿನ ಹುಡುಗಿಯರು ಫೋನ್ ಎತ್ತಿ ವಿಡಿಯೋ ಶುರುಮಾಡಿದರು. ಸಪೂರದವನು ಮುಖ ಮುಚ್ಚಿಕೊಳ್ಳಲು ಎರಡೂ ಕೈ ಬಿಟ್ಟ. ನನ್ನ ಕಾಲು ನೆಲಕ್ಕೆ ತಾಗಿತು. ದಪ್ಪದವನ ಮೊಣಕಾಲಿಗೆ ಒಂದು ಬಿಟ್ಟೆ. ಅವನು ಕುಸಿದ. ಪ್ರಯಾಣಿಕರು ಜೀಪನ್ನೂ ನನ್ನ ಬೈಕನ್ನೂ ಬದಿಗೆ ತಳ್ಳುವಷ್ಟರಲ್ಲಿ ನಾನು ಬಸ್ಸಿನೊಳಗಿದ್ದೆ!

"ಎಲ್ಲಿಗೆ?" ಎಂದ ಕಂಡಕ್ಟರ್.

"ವೇಣೂರು ಒಂದು."

ಚಿಲ್ಲರೆ ಇಲ್ಲ ಎಂದು ಬೈದ. ಜೀವ ಉಳಿಸಿದವನ ಬೈಗುಳ. ಕೇಳಿಸಿಕೊಂಡೆ.

ನಾಲ್ಕು ಗಂಟೆ ಐದು ನಿಮಿಷಕ್ಕೆ ಕುಸುಮಳ ಮನೆಯ ಅಂಗಳ ತಲುಪಿದೆ. ಹೊರಗೆ ರಂಜಿತನ ಕಾರು. ಜಗಲಿಯಲ್ಲಿ ರಂಜಿತ್. ಅವನ ಮುಂದೆ ಕಾಗದ, ಪೆನ್ನು. ಕುಸುಮ ಕಂಬಕ್ಕೆ ಒರಗಿ ಫೋನ್ ಹಿಡಿದು ನಿಂತಿದ್ದಳು. ಮಗು ಒಳಗೆ ಮಲಗಿತ್ತು.

ನನ್ನನ್ನು ಕಂಡು ರಂಜಿತನ ಮುಖದ ಬಣ್ಣ ಇಳಿಯಿತು. ಧ್ವನಿ ಇಳಿಯಲಿಲ್ಲ.

"ಇವರ ಮಾತು ಕೇಳ್ಬೇಡ ಕುಸುಮ. ನಿನಗೆ ಸಂಶಯ ಇದ್ರೆ ಶ್ರವಣನನ್ನೇ ಕೇಳು. ಈಗಲೇ ಕೇಳು!"

ನಾನು ತಪ್ಪಿಸಿಕೊಂಡರೂ ಕಾವಲಿನವರು ಫೋನ್ ಕಿತ್ತುಕೊಂಡಿರುತ್ತಾರೆ, ಉತ್ತರ ತನ್ನವರಿಂದಲೇ ಬರುತ್ತದೆ ಎಂಬ ಧೈರ್ಯ ಅವನಿಗೆ.

ಕುಸುಮ ನನ್ನನ್ನು ನೋಡಿದಳು. ಅವನನ್ನು ನೋಡಿದಳು. ಟೈಪ್ ಮಾಡಿದಳು. ಕಳುಹಿಸಿದಳು.

ನನ್ನ ಅಂಗಿಯ ಒಳಜೇಬು ಗುಂಯ್ ಎಂದಿತು.

ಕುಸುಮಳ ಕಣ್ಣು ನನ್ನ ಜೇಬಿನ ಮೇಲೆ ನಿಂತಿತು. ಅವಳು ಇನ್ನೊಂದು ಮೆಸೇಜ್ ಕಳುಹಿಸಿದಳು, ಒಂದೇ ಅಕ್ಷರ.

ಗುಂಯ್.

ನಾನು ಫೋನ್ ತೆಗೆದು ಜಗಲಿಯ ಮೇಲಿಟ್ಟೆ. ಅವಳು ಬಗ್ಗಿ, ಗಾಜಿನಲ್ಲಿದ್ದ ತನ್ನ ಮದುವೆಯ ಫೋಟೋ ನೋಡಿದಳು. ಅಳಲಿಲ್ಲ. ಆ ಅಳದ ಮುಖ ನೋಡಲು ನನಗೇ ಕಷ್ಟವಾಯಿತು.

ರಂಜಿತ್ ಕಾಗದ ಮಡಚಿಕೊಂಡು ಎದ್ದ. ಜಗಲಿಯ ದಂಡೆಯ ಮೇಲೆ ಇಟ್ಟಿದ್ದ ಕಾರಿನ ಕೀಗೆ ಕೈ ಹಾಕಿದ. ಕೀ ಅಲ್ಲಿರಲಿಲ್ಲ. ಕುಸುಮಳ ಮುಷ್ಟಿಯಲ್ಲಿತ್ತು.

"ಕೂತ್ಕೊಳ್ಳಿ ರಂಜಿತಣ್ಣ," ಎಂದಳು. "ಜ್ಯೂಸ್ ಮಾಡ್ತೇನೆ."

ಅವನು ಓಡಲು ನೋಡಿದ. ನಾನು ಜಗಲಿಯ ಮೆಟ್ಟಿಲಿಗೆ ಅಡ್ಡವಾಗಿದ್ದೆ. ಅವನ ಮೂಗು ಮುರಿದದ್ದು ಬಿದ್ದು ಎಂದು ಪೊಲೀಸರಿಗೆ ಹೇಳಿದೆ. ಅವರು ಹಾಗೆಯೇ ಬರೆದುಕೊಂಡರು.

ಪೊಲೀಸ್ ಜೀಪು ಅವನನ್ನು ಕರೆದುಕೊಂಡು ಹೋದ ಮೇಲೆ ಅವಳು ನನ್ನ ಎದುರು ಕೂತಳು. ನಾನು ಎಲ್ಲವನ್ನೂ ಹೇಳಿದೆ. ಮ್ಯಾಚು, ಸರದಿ, ಹಿಂದಿನ ಡೆಕ್ಕು, ಹತ್ತೊಂಬತ್ತು ಸಲ.

"ಅಣ್ಣ, ಒಂದೇ ಕೇಳ್ತೇನೆ. ಹೆಣ್ಣು ಮಗು ಅಂತ ಅವರಿಗೆ ಗೊತ್ತಾಗಿತ್ತಾ? ನೀಲಿ ಟಿಕ್ ಬಂದಿತ್ತಲ್ಲ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಗೊತ್ತಾಗಿತ್ತು ಎಂದರೆ ಮುಗಿಯುತ್ತಿತ್ತು. ಆದರೆ ಎಪ್ಪತ್ತೆರಡು ದಿನ ಎಲ್ಲರೂ ಅವಳ ಒಳ್ಳೆಯದಕ್ಕೆಂದೇ ಸುಳ್ಳು ಹೇಳಿದ್ದರು.

"ಇಲ್ಲ ಕುಸುಮ. ಅದನ್ನು ಓದಿದ್ದು ಅನ್ಸಾಫ್."

ಆಗ ಅತ್ತಳು. ಆ ಅಳು ನನ್ನ ಕಿವಿಯಲ್ಲಿ ಈಗಲೂ ಉಂಟು. ಬೇರೆ ಯಾವ ಕೇಸಿನದೂ ಇಷ್ಟು ದಿನ ಉಳಿದದ್ದಿಲ್ಲ.

ಎರಡು ದಿನ ಬಿಟ್ಟು ಅನ್ಸಾಫ್ ತಾನೇ ಬಂದ. ಬೀಯಮ್ಮ ಜೊತೆಗಿದ್ದರು. ಕುಸುಮ ಅವನಿಂದ ಆ ಬೆಳಿಗ್ಗೆಯ ಕತೆಯನ್ನು ಮೂರು ಸಲ ಹೇಳಿಸಿದಳು. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಹೊರಡುವಾಗ, "ಇನ್ನು ಮೆಸೇಜ್ ಮಾಡ್ಬೇಡಿ," ಎಂದಳು. ಅವನು ತಲೆ ಆಡಿಸಿದ.

ಜುಲೈ ತಿಂಗಳಲ್ಲಿ ಕಂಪನಿಯ ಲಕೋಟೆ ಬಂತು. ಈ ಸಲ ಅವಳದೇ ಹೆಸರು, ಅವಳದೇ ವಿಳಾಸ. ಶ್ರವಣನ ಕೊನೆಯ ಸಂಬಳದ ಚೀಟಿ. ಅದನ್ನು ಹಿಡಿದುಕೊಂಡು ನನ್ನ ಮಾಳಿಗೆಗೆ ಬಂದಳು. ಕಡಿತದ ಸಾಲಿನಲ್ಲಿ ಬೆರಳಿಟ್ಟಳು.

"ಇದು ಎಂತ ಅಣ್ಣ, ಅರವತ್ತು ಡಾಲರ್?"

ಓದಿದೆ. ಇನ್ನೊಮ್ಮೆ ಓದಿದೆ.

"ಇಂಟರ್ನೆಟ್," ಎಂದೆ. "ಮಾರ್ಚ್ ತಿಂಗಳದ್ದು. ಪೂರ್ತಿ ತಿಂಗಳು."

ಮಗು ಹುಟ್ಟಿದ ಸುದ್ದಿ ವೇಣೂರಿನಿಂದ ಹಡಗಿಗೆ ತಲುಪಲಿಲ್ಲ. ಹಡಗಿನ ಬಿಲ್ಲು ಮಾತ್ರ ಒಂದು ಡಾಲರೂ ತಪ್ಪದೆ ವೇಣೂರಿಗೆ ತಲುಪಿತು!